ದಾರಿಯ ಕೂಲಿ

ಕಡ್ಡಿ ಎನ್ನುವವಳು ಬಿದ್ದದ್ದು ಅವಳ ದಿನದ ಎರಡನೇ ಮನೆಗೂ ಮೂರನೇ ಮನೆಗೂ ನಡುವೆ. ಅವಳು ಮಾಡಿದ ತಪ್ಪು ಅದೊಂದೇ. ಎರಡನೇ ಮನೆಯ ಬಚ್ಚಲಲ್ಲಿ ಜಾರಿದ್ದರೆ ಕಂಪನಿ ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತಿತ್ತು. ಮೂರನೇ ಮನೆಯ ಹೊಸ್ತಿಲು ಎಡವಿದ್ದರೂ ನೋಡಿಕೊಳ್ಳುತ್ತಿತ್ತು. ಅವಳು ಬಿದ್ದದ್ದು ಬೀದಿಯಲ್ಲಿ. ಅಗೆದು ಬಿಟ್ಟ ಚರಂಡಿಗೆ ಅಡ್ಡ ಹಾಕಿದ್ದ ಹಲಗೆ ಉರುಳಿತು, ಕಡ್ಡಿಯೂ ಉರುಳಿದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಅದೇ ಬೀದಿಯ ಮೂಲೆಮನೆಯಿಂದ ಹೊರಬರುತ್ತಿದ್ದ ಗಡಿಬಿಡಿಯಕ್ಕ ಓಡಿಹೋಗಿ ಎತ್ತಿದಳು. ಇಬ್ಬರದೂ ಒಂದೇ ಕಂಪನಿ, ಒಂದೇ ನೀಲಿ ಕೋಟು. ಗಡಿಬಿಡಿಯಕ್ಕನಿಗೆ ನಲವತ್ತಾರು. ಮಲಗಿದಲ್ಲೇ ಮಲಗಿರುವವರನ್ನು ತೊಳೆದು, ಉಣ್ಣಿಸಿ, ಮಗ್ಗಲು ಬದಲಿಸಿ, ಆ ಮನೆಯಿಂದ ಈ ಮನೆಗೆ ಹದಿನಾಲ್ಕು ವರ್ಷದಿಂದ ಓಡಿ ಓಡಿ ಆ ಹೆಸರು ಬಂದಿತ್ತು. ಕಡ್ಡಿಗೆ ಇಪ್ಪತ್ತಾರು. ಅವಳ ಮೈ ನೋಡಿದರೆ ಹೆಸರಿನ ಕಾರಣ ಯಾರೂ ಕೇಳುವಂತಿರಲಿಲ್ಲ.

ಗಡಿಬಿಡಿಯಕ್ಕ ಮ್ಯಾನೇಜರಿಗೆ ಫೋನ್ ಮಾಡಿದಳು.

“ಯಾವ ಮನೇಲಿ ಬಿದ್ರು?”

“ಮನೇಲಲ್ಲ ಸಾರ್. ರೋಡಲ್ಲಿ.”

“ಓ, ರೋಡಲ್ಲಾ!” ಮ್ಯಾನೇಜರನ ದನಿಗೆ ಹೋದ ಜೀವ ಬಂತು. “ಹಾಗಾದ್ರೆ ಅದು ಡ್ಯೂಟಿ ಅಲ್ಲಮ್ಮ. ಅವರು ಸ್ವಂತ ಟೈಮಲ್ಲಿ ಬಿದ್ದಿದ್ದಾರೆ. ಪಾಪ, ಹುಷಾರಾಗಿರೋಕೆ ಹೇಳಿ. ಅವರ ಮೂರನೇ ಮನೆಗೆ ನೀವು ಹೋಗ್ತೀರಾ?”

ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುವಾಗ ಕಡ್ಡಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕೈ ಬಾತು ಬದನೆಕಾಯಿಯಾಗಿತ್ತು. ಅರ್ಧ ದಾರಿಯಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು.

“ಅಕ್ಕಾ, ನಂಗೂ ಸ್ವಂತ ಟೈಮು ಅಂತ ಒಂದಿತ್ತಂತೆ ಕಣೇ. ಇಷ್ಟು ದಿನ ಗೊತ್ತೇ ಇರ್ಲಿಲ್ಲ. ಗೊತ್ತಿದ್ರೆ ಒಂದು ನಿದ್ದೆನಾದ್ರೂ ಮಾಡ್ತಿದ್ದೆ!”

ನಗು ನಗುತ್ತಲೇ ಅತ್ತಳು. ಗಡಿಬಿಡಿಯಕ್ಕನಿಗೆ ಯಾವುದಕ್ಕೆ ಸಮಾಧಾನ ಹೇಳಬೇಕೋ ತಿಳಿಯಲಿಲ್ಲ.

ಕಂಪನಿ ಎಲ್ಲರ ಕೈಗೂ ಒಂದೊಂದು ಫೋನ್ ಕೊಟ್ಟಿತ್ತು. ಮನೆಯೊಳಗೆ ಕಾಲಿಟ್ಟರೆ ಹಸಿರು ಗುಂಡಿ ಒತ್ತಬೇಕು. ಹೊರಬಿದ್ದರೆ ಕೆಂಪು. ಹಸಿರಿನಿಂದ ಕೆಂಪಿನವರೆಗೆ ಕೂಲಿ. ಕೆಂಪಿನಿಂದ ಮುಂದಿನ ಹಸಿರಿನವರೆಗೆ ಏನಿದೆಯೋ ಅದು ನಡಿಗೆ, ಬಸ್ಸು, ಬಿಸಿಲು, ನಾಲ್ಕನೇ ಮಹಡಿಯ ಮೆಟ್ಟಿಲು, ನಾಯಿ. ಅದಕ್ಕೆ ಕೂಲಿಯಿಲ್ಲ. ದಿನಕ್ಕೆ ಆರು ಮನೆ. ಬೆಳಗ್ಗೆ ಆರಕ್ಕೆ ಹೊರಟರೆ ಸಂಜೆ ಆರಕ್ಕೆ ಮನೆ. ಕಂಪನಿಯ ಲೆಕ್ಕದಲ್ಲಿ ಏಳು ತಾಸು. ಉಳಿದ ಐದು ತಾಸು ಹಾವು ನುಂಗಿದ ಕಪ್ಪೆ.

ಹಸಿರು ಹೊತ್ತೂ ಅಳೆದು ಸುರಿದದ್ದೇ. ಮೈ ತೊಳೆಯಲು ಇಪ್ಪತ್ತೈದು ನಿಮಿಷ. ಡೈಪರ್ ಬದಲಿಸಲು ಎಂಟು. ಗಂಜಿ ಕುಡಿಸಲು ಹನ್ನೆರಡು. ಗಂಟಲಿಗೆ ಗಡಿಯಾರ ಓದಲು ಬರುವುದಿಲ್ಲ. ಹನ್ನೆರಡು ನಿಮಿಷದಲ್ಲಿ ಗಂಜಿ ಇಳಿಯದಿದ್ದರೆ ಹದಿಮೂರನೇ ನಿಮಿಷ ಗಡಿಬಿಡಿಯಕ್ಕನ ಜೇಬಿನದು.

ಆರು ಮನೆಯಲ್ಲಿ ಆರು ಕಕ್ಕಸು. ಆರನ್ನೂ ಅವಳು ತಿಕ್ಕುತ್ತಿದ್ದಳು. ಒಂದರಲ್ಲೂ ಕೂರುವಂತಿಲ್ಲ. ‘ಸಿಬ್ಬಂದಿ ಮನೆಯವರ ಶೌಚಾಲಯ ಬಳಸತಕ್ಕದ್ದಲ್ಲ’ ಎಂದು ಕಂಪನಿಯೇ ಮನೆಯವರಿಗೆ ಬರೆದುಕೊಟ್ಟಿತ್ತು. ಬೆಳಗ್ಗೆಯಿಂದ ನೀರು ಕುಡಿಯದೆ ಇರುವುದನ್ನು ಎಲ್ಲ ಹೆಂಗಸರೂ ಕಲಿತಿದ್ದರು. ಊರ ಜನರ ಕುಂಡೆ ತೊಳೆಯುವವಳಿಗೆ ಊರಲ್ಲಿ ಒಂದು ತೂತಿಲ್ಲ. ಬಸ್ ನಿಲ್ದಾಣದ ಹಿಂದೆ ಒಂದಿತ್ತು. ಅಲ್ಲಿಗೆ ಹೋಗಿ ಬರುವ ಹೊತ್ತೂ ಸ್ವಂತ ಟೈಮು.

ಮನೆಯವರು ಆಯಾ ಎನ್ನುತ್ತಿದ್ದರು. ಕಂಪನಿ ಕೇರ್‌ಗಿವರ್ ಎನ್ನುತ್ತಿತ್ತು. ತಿಂಗಳಿಗೊಮ್ಮೆ ಗ್ಲೌಸು ಹಂಚುವಾಗ ಮ್ಯಾನೇಜರ್ ಮೂವತ್ತೆರಡು ಹಲ್ಲೂ ಬಿಟ್ಟು, “ನಾವೆಲ್ಲ ಒಂದೇ ಕುಟುಂಬ” ಎನ್ನುತ್ತಿದ್ದ. ಆ ನಗುವಿಗಾಗಿಯೇ ಹೆಂಗಸರು ಅವನಿಗೆ ನಗುಮೊಗ ಎಂದು ಹೆಸರಿಟ್ಟಿದ್ದರು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಸಂಘವಿತ್ತು. ಬೋರ್ಡಿತ್ತು, ಮೇಜಿತ್ತು, ಸಂಘದಕ್ಕ ಇದ್ದಳು. ಸಂಘದಕ್ಕ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆದವಳು. ಅವಳಿಗೆ ಯಾರ ಭಯವೂ ಇರಲಿಲ್ಲ. “ಬದುಕಿರೋರು ಎಷ್ಟಾದ್ರೂ ಕೂಗಾಡ್ಲಿ. ನಾನು ಎಲ್ರನ್ನೂ ಕೊನೇಲಿ ನೋಡಿದೀನಿ, ಎಲ್ರೂ ಸುಮ್ನೆ ಮಲಗಿರ್ತಾರೆ” ಎನ್ನುತ್ತಿದ್ದಳು.

ಗಡಿಬಿಡಿಯಕ್ಕ ಸಂಘದ ಸದಸ್ಯತ್ವದ ಚೀಟಿ ಮಾಡಿಸಿ ಎರಡು ವರ್ಷವಾಗಿತ್ತು. ಸಭೆಗೆ ಒಮ್ಮೆಯೂ ಹೋಗಿರಲಿಲ್ಲ. ಹೊತ್ತೆಲ್ಲಿ? ಈ ಸಲ ಕಡ್ಡಿಯನ್ನು ಕರೆದುಕೊಂಡು ಹೋದಳು. ಭಾನುವಾರ ಮಧ್ಯಾಹ್ನ. ಸಂಘದಕ್ಕ ಮೂವತ್ತು ಜನಕ್ಕೆ ಚಹಾ ಹೇಳಿದ್ದಳು. ಬಂದವರು ತೊಂಬತ್ತು. ಕೋಣೆ ತುಂಬಿತು, ಮೆಟ್ಟಿಲು ತುಂಬಿತು, ಕೆಳಗೆ ಸೈಕಲ್ ಅಂಗಡಿಯವನು ಟೈರುಗಳನ್ನು ಒಳಗೆಳೆದುಕೊಂಡು ಜಾಗ ಬಿಟ್ಟ.

ಹದಿನಾಲ್ಕು ವರ್ಷದಲ್ಲಿ ಇಷ್ಟು ನೀಲಿ ಕೋಟಿನವರನ್ನು ಒಟ್ಟಿಗೆ ಅವಳು ಕಂಡಿರಲಿಲ್ಲ. ಕಾರ್ಖಾನೆಯವರು ಒಂದು ಗೇಟಿನಲ್ಲಿ ಸೇರುತ್ತಾರೆ. ಇವರು ನೂರೆಂಟು ಮನೆಗಳ ನೂರೆಂಟು ಕೋಣೆಗಳಲ್ಲಿ ಒಬ್ಬೊಬ್ಬರೇ. ಅವತ್ತು ಒಬ್ಬಳು ಸೊಂಟ ಹಿಡಿದುಕೊಂಡು ಕೂತದ್ದೇ ತಡ, “ನಿಂಗೂ ಇಲ್ಲೇನಾ? ಎಡಗಡೆನಾ?” ಎಂದು ನಾಲ್ಕು ಜನ ಕೇಳಿದರು. ತೊಂಬತ್ತು ಹೆಂಗಸರಿಗೂ ಒಂದೇ ಜಾಗದಲ್ಲಿ ನೋವು. ಸಂತೆಯಲ್ಲಿ ಕಳೆದುಹೋದ ಅಕ್ಕತಂಗಿಯರು ಸಿಕ್ಕಿದಷ್ಟು ಸಂತೋಷವಾಯಿತು ಅವರಿಗೆ.

“ನಮ್ಮ ನಾಲ್ಕನೇ ಮನೆಯಮ್ಮ ನಾ ಹೊರಡೋವಾಗ ಬ್ಯಾಗ್ ಬಿಚ್ಚಿ ನೋಡ್ತಾಳೆ.”

“ನಂದೂ ನೋಡ್ತಿದ್ರು. ಒಂದು ದಿನ ಅವರ ಮಾವಂದೇ ಡೈಪರ್ ಸುತ್ತಿ ಇಟ್ಟಿದ್ದೆ. ಬಿಚ್ಚಿದ್ರು. ಆಮೇಲಿಂದ ನೋಡಲ್ಲ!”

ಮೆಟ್ಟಿಲ ಮೇಲಿದ್ದವರಿಗೆ ಮಾತು ತಲುಪಿದ್ದು ತಡವಾಗಿ. ಕೋಣೆಯ ನಗು ಮುಗಿದ ಮೇಲೆ ಮೆಟ್ಟಿಲ ನಗು ಶುರುವಾಯಿತು.

ಸಂಘದಕ್ಕ ಮೇಜು ತಟ್ಟಿದಳು. ಕಡ್ಡಿಯನ್ನು ಎದ್ದು ನಿಲ್ಲಿಸಿ ಪ್ಲಾಸ್ಟರು ಹಾಕಿದ ಕೈ ತೋರಿಸಿದಳು. “ಇದು ಯಾರ ಕೈ? ಕಂಪನಿ ನಂದಲ್ಲ ಅಂತಿದೆ. ದಾರಿಗೂ ಕೂಲಿ ಕೊಡಿ ಅಂತ ಹಿಂದೇನೇ ಮೂರು ಸಲ ಪತ್ರ ಬರೆದ್ವಿ. ಉತ್ತರ ಇಲ್ಲ. ಈಗೇನ್ಮಾಡೋಣ, ಹೇಳಿ.”

“ಸ್ಟ್ರೈಕ್ ಮಾಡೋಣ” ಎಂದಿತು ಒಂದು ದನಿ.

ಸ್ಟ್ರೈಕ್ ಮಾಡಿದರೆ ಯಂತ್ರ ನಿಲ್ಲುವುದಿಲ್ಲ. ಒಬ್ಬಳು ಅಜ್ಜಿ ಒದ್ದೆಯಲ್ಲಿ ಮಲಗಿರುತ್ತಾಳೆ. ಬೆನ್ನು ಹುಣ್ಣಿನವನಿಗೆ ಯಾರೂ ಮಗ್ಗಲು ಬದಲಿಸುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಕಂಪನಿಗೂ ಗೊತ್ತು.

“ನಮ್ಮ ಕರುಳನ್ನೇ ಹಗ್ಗ ಮಾಡಿ ನಮ್ಮನ್ನ ಕಟ್ಟಾಕಿದಾರೆ” ಎಂದಳು ಸಂಘದಕ್ಕ.

ಗಡಿಬಿಡಿಯಕ್ಕ ಸಭೆಯಲ್ಲಿ ಮಾತಾಡಿದವಳಲ್ಲ. ಅವಳಿಗೆ ಮೂರು ದಿನದಿಂದ ತಲೆಯಲ್ಲಿ ಒಂದೇ ನೊಣ ಗುಂಯ್‌ಗುಡುತ್ತಿತ್ತು. ಅದು ಬಾಯಿಗೆ ಬಂದುಬಿಟ್ಟಿತು.

“ಅಲ್ಲಾ, ದಾರಿ ಡ್ಯೂಟಿ ಅಲ್ಲ ಅಂತಾರಲ್ಲ. ಡ್ಯೂಟಿ ಅಲ್ಲ ಅಂದ್ಮೇಲೆ ನಾವ್ಯಾಕೆ ನಡೀಬೇಕು?”

“ಅಂದ್ರೆ?”

“ಅಂದ್ರೆ... ಮೊದಲ್ನೇ ಮನೆಗೆ ಹೋಗೋಣ. ಕೆಲಸ ಚೊಕ್ಕಟ ಮುಗಿಸೋಣ. ಅಲ್ಲೇ ಕೂತ್ಕೊಳ್ಳೋಣ. ಎರಡನೇ ಮನೆಗೆ ಕರ್ಕೊಂಡು ಹೋಗೋದು ಅವರ ಕೆಲಸ. ದಾರಿ ನಮ್ಮದಲ್ವಲ್ಲ! ಕೆಂಪು ಗುಂಡೀನೂ ಒತ್ತೋದು ಬೇಡ. ನಾವಿನ್ನೂ ಮನೆ ಒಳಗೇ ಇದೀವಲ್ಲ!”

ಒಬ್ಬಳು ಕಿಸಕ್ಕೆಂದಳು. ಪಕ್ಕದವಳಿಗೆ ಹತ್ತಿತು. ಸಂಘದಕ್ಕ ಮೇಜು ಹಿಡಿದುಕೊಂಡು ನಕ್ಕಳು, ಕನ್ನಡಕ ತೆಗೆದು ನಕ್ಕಳು, “ಸಾಯ್ತೀನಿ ಕಣ್ರೇ, ನನ್ನ ತೊಳೆಯೋಕೆ ಯಾರಿದೀರಾ” ಎಂದು ನಕ್ಕಳು. ತೊಂಬತ್ತು ಜನ ನಗುತ್ತಿದ್ದರು. ಗಡಿಬಿಡಿಯಕ್ಕನಿಗೆ ಗಾಬರಿಯಾಯಿತು. ಅವಳು ತಮಾಷೆಗೆ ಹೇಳಿರಲಿಲ್ಲ.

ನಗು ಇಳಿದ ಮೇಲೆ ಕೆಲಸ ಶುರುವಾಯಿತು. ತಡವಾದರೆ ಅಪಾಯವಾಗುವ ಜನ ಯಾರು? ಸೂಜಿ ಹಾಕಿಸಿಕೊಳ್ಳುವವರು, ಮೂಗಿನ ಕೊಳವೆಯಲ್ಲಿ ಉಣ್ಣುವವರು, ಹುಣ್ಣಾದವರು. ನಲವತ್ತೊಂದು ಹೆಸರಾಯಿತು. ಆ ವಾರ ಯಾರಿಗೆ ರಜೆಯಿದೆಯೋ ಅವರು ಕಂಪನಿಯ ಫೋನನ್ನು ಮನೆಯಲ್ಲಿ ಬಿಟ್ಟು ಆ ನಲವತ್ತೊಂದು ಮನೆಗೆ ಹೋಗಿ ಮಾಡಿ ಬರುವುದು. ಬಿಟ್ಟಿ. “ಆ ದಾರಿ ನಮ್ಮ ಖುಷಿಗೆ” ಎಂದಳು ಸಂಘದಕ್ಕ. ಮಿಕ್ಕ ಮನೆಗಳಿಗೆ ಸೋಮವಾರ ಸಂಜೆ ಫೋನ್ ಮಾಡಿ, ನಾಳೆ ತಡವಾಗುತ್ತದೆ, ಕಾರಣ ಕಂಪನಿಯನ್ನು ಕೇಳಿ ಎನ್ನುವುದು.

ಸೋಮವಾರ ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಗೋಡೆಗೆ ಬಣ್ಣ ಬಳಿಯುವವನು. ಉಗುರ ಸಂದಿಯ ಹಳದಿ ಬಣ್ಣ ಕೀಳುತ್ತಾ ಕೇಳಿಸಿಕೊಂಡ.

“ಕೆಲಸ ಹೋದ್ರೆ?”

“ಹೋದ್ರೆ ಹೋಗತ್ತೆ.”

“ಬಾಡಿಗೆ?”

ಅವಳು ಒಗೆದ ಟವೆಲು ಮಡಿಸತೊಡಗಿದಳು. ಅವನು ಇನ್ನೊಂದು ಉಗುರು ಕೆರೆಯುತ್ತಾ, “ನೀನು ಕೂತಿರೋದನ್ನ ನಾನು ಮದುವೆ ಆದಾಗಿಂದ ನೋಡಿಲ್ಲ. ನಿಂಗೆ ಕೂರೋಕೆ ಬರತ್ತಾ?” ಎಂದ. ಅವಳು ಟವೆಲಿನಲ್ಲಿ ಅವನಿಗೊಂದು ಬಾರಿಸಿದಳು. ಆದರೆ ಮಲಗುವ ಮುಂಚೆ ಬಾಡಿಗೆಗೆಂದು ಎತ್ತಿಟ್ಟ ದುಡ್ಡನ್ನು ಎರಡು ಸಲ ಎಣಿಸಿದಳು.

ಮಂಗಳವಾರ ಅವಳ ಮೊದಲ ಮನೆ ಕಂಡಕ್ಟರ್ ತಾತನದು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಮಾತೂ ಹೋಯಿತು. ಎಲ್ಲ ಮಾತು ಹೋಗಿ ಮೂರೇ ಉಳಿದವು: ‘ರೈಟ್’, ‘ಹೋಲ್ಡಾನ್’, ‘ಟಿಕೆಟ್’. ತಾತ ಮೂರರಲ್ಲೇ ಸಂಸಾರ ತೂಗಿಸುತ್ತಿದ್ದ. ಹಸಿವಾದರೆ ಟಿಕೆಟ್. ನೋವಾದರೆ ಹೋಲ್ಡಾನ್. ಸರಿಯಿದ್ದರೆ ರೈಟ್.

ತೂಕ ತೊಂಬತ್ತೆರಡು ಕಿಲೋ. ಗಡಿಬಿಡಿಯಕ್ಕ ಐವತ್ತೊಂದು. ಮಂಡಿ ಮಡಿಸಿ, ಅವನ ಸತ್ತ ಕೈಯನ್ನು ಹೆಗಲಿಗೆ ಹಾಕಿಕೊಂಡು, ಸೊಂಟಕ್ಕೆ ಸುತ್ತಿದ ಟವೆಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಮೂರು ಎಣಿಸಿ ಏಳಬೇಕು. ಬೆನ್ನಿನಿಂದ ಎತ್ತಿದರೆ ಬೆನ್ನು ಹೋಗುತ್ತದೆ. ತೊಡೆಯಿಂದ ಎತ್ತಬೇಕು. ಕುರ್ಚಿಗೆ ಕೂರಿಸಿ, ಬಚ್ಚಲಿಗೆ ತಳ್ಳಿ, ತಲೆಯಿಂದ ಕಾಲ ಬೆರಳ ಸಂದಿಯವರೆಗೆ ತೊಳೆದು, ಒರೆಸಿ, ಪೌಡರು ಹಾಕಿ, ಮತ್ತೆ ಮೂರು ಎಣಿಸಿ ಎತ್ತಿ ಹಾಸಿಗೆಗೆ. ಅಷ್ಟೊತ್ತಿಗೆ ಅವಳ ಕೋಟು ಬೆನ್ನಿಗೆ ಅಂಟಿರುತ್ತಿತ್ತು.

ಅವತ್ತು ಗಂಜಿ ಕುಡಿಸಿ ಬಾಯಿ ಒರೆಸಿದಳು. ಎಂಟು ಗಂಟೆ. ಕೆಂಪು ಗುಂಡಿಯ ಹೊತ್ತು. ಕೈ ತಾನಾಗಿ ಜೇಬಿಗೆ ಹೋಯಿತು. ಹದಿನಾಲ್ಕು ವರ್ಷದ ಚಾಳಿ. ಕೈಯನ್ನು ಹೊರಗೆಳೆದಳು. ಕೋಣೆಯಲ್ಲಿ ಒಂದು ಕುರ್ಚಿಯಿತ್ತು, ಬಂದ ನೆಂಟರಿಗೆಂದು. ಅವಳು ಅದರಲ್ಲಿ ಕೂತಳು.

ಕೂತದ್ದು ಕುರ್ಚಿಯ ಅಂಚಿನಲ್ಲಿ, ಯಾರಾದರೂ ಕರೆದರೆ ಎದ್ದು ಓಡುವವಳ ಹಾಗೆ.

ತಾತನ ಸೊಸೆ ಬಾಗಿಲಿಗೆ ಬಂದಳು. ಬ್ಯಾಂಕಿನಲ್ಲಿ ಕೆಲಸ, ಯಾವಾಗಲೂ ಬೀಗದ ಕೈ ಕೈಯಲ್ಲೇ. “ಯಾಕೆ, ತಲೆ ಸುತ್ತತ್ತಾ?”

“ಇಲ್ಲ ಮೇಡಂ. ಕೂತಿದೀನಿ.”

“ಕೆಲಸ ಮುಗೀತಲ್ಲ?”

“ಮುಗೀತು. ಮುಂದಿನ ಮನೆಗೆ ಕಂಪನಿಯೋರು ಬಂದು ಕರ್ಕೊಂಡು ಹೋಗ್ಬೇಕು. ಅಲ್ಲೀವರೆಗೆ ಇಲ್ಲೇ ಇರ್ತೀನಿ.”

“ಇಲ್ಲಿ? ನಮ್ಮನೇಲಿ? ಆ ಕುರ್ಚೀಲಿ?”

ಅರ್ಧ ಗಂಟೆ ಕಳೆದು ಫೋನ್ ಬಡಿದುಕೊಂಡಿತು. ನಗುಮೊಗ. ಗಡಿಬಿಡಿಯಕ್ಕ ಸೊಸೆಗೂ ಕೇಳಲೆಂದು ಸ್ಪೀಕರ್ ಹಾಕಿದಳು.

“ಎಲ್ಲಿದ್ದೀರಮ್ಮ? ಎರಡನೇ ಮನೆಯೋರು ಫೋನ್ ಮೇಲೆ ಫೋನ್ ಮಾಡ್ತಿದಾರೆ!”

“ಮೊದಲ್ನೇ ಮನೇಲಿದೀನಿ ಸಾರ್. ಡ್ಯೂಟೀಲಿ.”

“ಹೊರಡಿ ಮತ್ತೆ!”

“ಹೇಗೆ ಸಾರ್? ಬಾಗಿಲು ದಾಟಿದ್ರೆ ಸ್ವಂತ ಟೈಮು. ಸ್ವಂತ ಟೈಮಲ್ಲಿ ಕಂಪನಿ ಕೆಲಸ ಮಾಡಬಾರ್ದಲ್ವಾ?”

“ಏನಮ್ಮ ತಮಾಷೆನಾ? ಏಳ್ತೀಯೋ ಇಲ್ವೋ?”

‘ಅಮ್ಮ’ನ ಹಿಂದೆ ‘ನೀನು’ ಬಂದುಬಿಟ್ಟಿತ್ತು. ಗಡಿಬಿಡಿಯಕ್ಕ ಕುರ್ಚಿಯ ಬೆನ್ನಿಗೆ ಪೂರ್ತಿ ಒರಗಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ.

“ಏಳಲ್ಲ” ಎಂದಳು.

“ಹೋಲ್ಡಾನ್!” ಎಂದು ಹಾಸಿಗೆಯಿಂದ ತಾತ ಗುಡುಗಿದ. ತುಂಬಿದ ಬಸ್ಸನ್ನು ನಿಲ್ಲಿಸುತ್ತಿದ್ದ ಗಂಟಲು. ಫೋನಿನ ಆ ಕಡೆ ನಗುಮೊಗ ಬೆಚ್ಚಿ, “ಯಾರದು?” ಎಂದ.

“ನಮ್ಮ ಡಿಪಾರ್ಟ್‌ಮೆಂಟಿನೋರು ಸಾರ್” ಎಂದು ಗಡಿಬಿಡಿಯಕ್ಕ ಫೋನ್ ಇಟ್ಟಳು. ತನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ಅವಳಿಗೇ ನಗು ಉಕ್ಕಿತು. ಬಾಯಿಗೆ ಕೈ ಒತ್ತಿಕೊಂಡಳು. ನಕ್ಕರೆ ಇನ್ನೊಂದು ಕಷ್ಟವಿತ್ತು. ಬೆಳಗ್ಗೆ ಆರರಿಂದ ಕಟ್ಟಿಕೊಂಡದ್ದು. ಎದ್ದಳು. ಸೊಸೆಯ ಮುಂದೆಯೇ ನಡೆದು ತಾನು ದಿನವೂ ತಿಕ್ಕುವ ಕಕ್ಕಸಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಸರ ಮಾಡಲಿಲ್ಲ. ಹೊರಗೆ ಹಸಿರು ಗುಂಡಿ ಉರಿಯುತ್ತಿತ್ತು. ಉಚ್ಚೆ ಹೊಯ್ಯಲು ಕೂಲಿ ಸಿಕ್ಕಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಹೊರಬಂದಾಗ ಸೊಸೆ ಬಾಯಿ ತೆರೆದುಕೊಂಡು ನಿಂತಿದ್ದಳು. ಸಿಟ್ಟೆಲ್ಲ ಕಂಪನಿಯ ಕಡೆ ತಿರುಗಿತು. ಫೋನ್ ಹಚ್ಚಿ ಶುರು ಮಾಡಿದಳು: “ಏನ್ರೀ ಇದು, ನಿಮ್ಮ ಆಯಾ ನಮ್ಮನೇಲಿ ಬೀಡು ಬಿಟ್ಟಿದಾಳೆ! ಕರ್ಕೊಂಡು ಹೋಗೋರು ನೀವಂತೆ, ಬಂದು ಕರ್ಕೊಂಡು ಹೋಗಿ ಮತ್ತೆ! ತಿಂಗಳು ತಿಂಗಳು ಬಿಲ್ಲಲ್ಲಿ ‘ಸಿಬ್ಬಂದಿ ಪ್ರಯಾಣ’ ಅಂತ ಬೇರೆ ಹಾಕ್ತೀರಲ್ಲ, ಅದ್ಯಾತಕ್ಕೆ?”

ಗಡಿಬಿಡಿಯಕ್ಕ ತಲೆಯೆತ್ತಿದಳು. “ಏನಂದ್ರಿ ಮೇಡಂ? ಬಿಲ್ಲಲ್ಲಿ ಏನಿದೆ?”

ಸೊಸೆ ಬಿಲ್ಲು ತಂದು ತೋರಿಸಿದಳು. ಇತ್ತು. ದಾರಿಗೆ ದುಡ್ಡು ಇತ್ತು. ಮನೆಯವರಿಂದ ಕಂಪನಿ ಪ್ರತಿ ತಿಂಗಳೂ ವಸೂಲು ಮಾಡುತ್ತಿತ್ತು. ನಡೆದವಳಿಗೆ ಕಾಸಿಲ್ಲ, ನಡೆಯದವನಿಗೆ ಪ್ರಯಾಣ ಭತ್ಯೆ! ಕಡ್ಡಿಯ ಬಾತ ಕೈ ಕಣ್ಣ ಮುಂದೆ ಬಂತು. ಬಿಲ್ಲಿನ ಫೋಟೋ ತೆಗೆದು ಸಂಘದಕ್ಕನಿಗೆ ಕಳಿಸಿದಳು. ಹತ್ತು ನಿಮಿಷದಲ್ಲಿ ಅದು ನೂರಾರು ಫೋನುಗಳಲ್ಲಿತ್ತು.

ಸೊಸೆಗೆ ಅವಳ ಮೇಲೆ ಪ್ರೀತಿ ಉಕ್ಕಿತೆಂದೇನೂ ಅಲ್ಲ. ತಾನು ಮೋಸಹೋದೆನಲ್ಲ ಎಂಬ ಉರಿ. ಆ ಉರಿಗೆ ಅವತ್ತು ಬ್ಯಾಂಕಿಗೆ ರಜೆ ಹಾಕಿ ಪರಿಚಯದ ಮನೆಗಳಿಗೆಲ್ಲ ಫೋನ್ ಮಾಡುತ್ತಾ ಕೂತಳು.

ಹನ್ನೊಂದೂವರೆಗೆ ನಗುಮೊಗನ ಕಾರು ಬಂತು. ಹಿಂದಿನ ಸೀಟಿನಲ್ಲಿ ಆಗಲೇ ಮೂರು ನೀಲಿ ಕೋಟುಗಳು ಒತ್ತಾಗಿ ಕೂತಿದ್ದವು. ಗಡಿಬಿಡಿಯಕ್ಕ ಮುಂದೆ ಕೂತಳು. ತಾತ ಕಿಟಕಿ ಪಕ್ಕದ ಹಾಸಿಗೆಯಿಂದಲೇ “ರೈಟ್, ರೈಟ್!” ಎಂದ.

ಕಾರಿನಲ್ಲಿ ತಣ್ಣನೆ ಗಾಳಿ ಬರುತ್ತಿತ್ತು. ಹೆಂಗಸರು ಮಂತ್ರಿಗಳ ಹಾಗೆ ಕೈ ಕಟ್ಟಿಕೊಂಡು ಹೊರಗೆ ನೋಡಿದರು. ಕಚೇರಿಯಲ್ಲಿ ನೂರಕ್ಕೂ ಹೆಚ್ಚು ಹೆಂಗಸರ ಹಸಿರು ಚುಕ್ಕಿಗಳು ಪರದೆಯ ಮೇಲೆ ನಿಂತಲ್ಲೇ ನಿಂತಿದ್ದವಂತೆ. ಗುಮಾಸ್ತರು ಸ್ಕೂಟರಿನಲ್ಲಿ ಒಬ್ಬೊಬ್ಬರನ್ನೇ ಸಾಗಿಸುತ್ತಿದ್ದರಂತೆ. ದಪ್ಪನೆಯ ಅಕ್ಕನೊಬ್ಬಳನ್ನು ಹತ್ತಿಸಿಕೊಂಡ ಗುಮಾಸ್ತ ದಿಬ್ಬದಲ್ಲಿ ಇಳಿದು ಸ್ಕೂಟರ್ ತಳ್ಳಿದನಂತೆ, ಅಕ್ಕ ಇಳಿಯಲಿಲ್ಲವಂತೆ. ಒಂದೊಂದು ಸುದ್ದಿಗೂ ಹಿಂದಿನ ಸೀಟು ಕುಲುಕುತ್ತಿತ್ತು.

“ಸಾರ್, ನಾವೆಲ್ಲ ಒಂದೇ ಕುಟುಂಬ ಅಂತಿದ್ರಿ. ಇವತ್ತೇ ನೋಡಿ ಒಟ್ಟಿಗೆ ಹೊರಟಿರೋದು.”

“ಕುಟುಂಬ ಅಂದ್ಮೇಲೆ ಆಸ್ತೀಲಿ ಪಾಲೂ ಕೊಡ್ಬೇಕು ಸಾರ್!”

ನಗುಮೊಗನ ಮುಖದಲ್ಲಿ ನಗುವಿರಲಿಲ್ಲ. ದೊಡ್ಡ ಚೌಕದಲ್ಲಿ ವಾಹನಗಳು ಜಾಮ್ ಆಗಿದ್ದವು. ಐದು ನಿಮಿಷ. ಹದಿನೈದು ನಿಮಿಷ. ಬೆವರು ಅವನ ಕಾಲರಿಗೆ ಇಳಿಯಿತು. ಆಗ ಅವನ ಹೆಂಡತಿಯ ಫೋನ್ ಬಂತು, ಏನೋ ತರಬೇಕೆಂದು. ಅವನು ರೇಗಿಬಿಟ್ಟ.

“ಈಗಾಗಲ್ಲ ಕಣೇ! ಡ್ಯೂಟೀಲಿದೀನಿ!”

ಗಡಿಬಿಡಿಯಕ್ಕ ಅವನ ಕಡೆ ಪೂರ್ತಿ ತಿರುಗಿ ಕೂತಳು.

“ಸಾರ್,” ಗಡಿಬಿಡಿಯಕ್ಕ ಮೆಲ್ಲಗೆ ಕೇಳಿದಳು, “ರೋಡಲ್ಲಿದೀವಲ್ಲ ಸಾರ್. ರೋಡಲ್ಲೂ ಡ್ಯೂಟಿ ಇರತ್ತಾ?”

ನಗುಮೊಗ ಸುಮ್ಮಸುಮ್ಮನೆ ಹಾರ್ನ್ ಒತ್ತಿದ. ಹಿಂದಿನ ಸೀಟಿನಲ್ಲಿ ಸ್ಫೋಟವಾಯಿತು. ಒಬ್ಬಳು ಪಕ್ಕದವಳ ಮಡಿಲಿಗೆ ಬಿದ್ದಳು. ಒಬ್ಬಳಿಗೆ ಬಿಕ್ಕಳಿಕೆ ಹತ್ತಿತು. ಗಡಿಬಿಡಿಯಕ್ಕ ನಕ್ಕು ನಕ್ಕು ಡ್ಯಾಶ್‌ಬೋರ್ಡಿಗೆ ಹಣೆ ಇಟ್ಟಳು. ಪಕ್ಕದ ಬಸ್ಸಿನ ಜನ ಇಣುಕಿ ನೋಡಿ ಕಾರಣ ಗೊತ್ತಿಲ್ಲದೆ ನಕ್ಕರು.

ಆ ನಗು ಬುಧವಾರ ಮಧ್ಯಾಹ್ನಕ್ಕೆ ಒಮ್ಮೆ ಸತ್ತಿತು. ಐದು ಗಂಟೆಯೊಳಗೆ ಕೆಂಪು ಒತ್ತಿ ನಡೆಯದವರ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಎಲ್ಲ ಫೋನಿಗೂ ನಾಲ್ಕು ಸಾಲಿನ ಸಂದೇಶ ಬಂತು. ಗಡಿಬಿಡಿಯಕ್ಕ ಅದನ್ನು ನಾಲ್ಕು ಸಲ ಓದಿದಳು. ಬಾಡಿಗೆ, ಅಕ್ಕಿ, ಬಸ್ ಪಾಸು ಎಲ್ಲವೂ ಆ ನಾಲ್ಕು ಸಾಲಿನಲ್ಲಿತ್ತು. ನಾಲ್ಕೂಮುಕ್ಕಾಲಿಗೆ ಒಬ್ಬಳು ಅಳುತ್ತಾ ಸಂಘಕ್ಕೆ ಫೋನ್ ಮಾಡಿದಳು: “ಒತ್ತಿಬಿಟ್ಟೆ ಅಕ್ಕಾ. ಮೂರು ಮಕ್ಕಳು.” ಸಂಘದಕ್ಕ ಬೈಯಲಿಲ್ಲ. “ಊಟ ಮಾಡು. ನಾಳೆ ಬಾ” ಎಂದಳು. ಒಟ್ಟು ಒಂಬತ್ತು ಜನ ಒತ್ತಿದರು. ಮಿಕ್ಕವರ ಹಸಿರು ಉರಿಯುತ್ತಲೇ ಇತ್ತು. ಐದೂ ಹತ್ತಕ್ಕೆ ಗಡಿಬಿಡಿಯಕ್ಕನ ಗಂಡನಿಂದ ಒಂದೇ ಸಾಲು ಬಂತು: “ಕೂತಿದೀಯಾ?” ಅವಳು “ಕೂತಿದೀನಿ” ಎಂದು ಬರೆದಳು.

ಗುರುವಾರ ಬೆಳಗ್ಗೆ ಅರವತ್ತೆಂಟು ಮನೆಯವರು ತಮ್ಮ ತಮ್ಮ ಬಿಲ್ಲು ಹಿಡಿದು, ‘ಪ್ರಯಾಣ’ದ ದುಡ್ಡು ಎಲ್ಲಿಗೆ ಹೋಯಿತೆಂದು ಕಂಪನಿಗೆ ಬರೆದಿದ್ದರು. ಮಧ್ಯಾಹ್ನ ಕಂಪನಿ ಮಾತಿಗೆ ಕರೆಯಿತು. ಮೇಜಿನ ಆ ಕಡೆ ನಗುಮೊಗ ಮತ್ತು ಒಬ್ಬ ವಕೀಲ. ಈ ಕಡೆ ಸಂಘದಕ್ಕ, ಗಡಿಬಿಡಿಯಕ್ಕ, ಕಡ್ಡಿ. ಬಾಗಿಲ ಹೊರಗೆ, ಮೆಟ್ಟಿಲ ಮೇಲೆ, ಬೀದಿಯಲ್ಲಿ ನೀಲಿ ಕೋಟುಗಳು.

“ದಾರಿಗೆ ಅರ್ಧ ಕೂಲಿ ಕೊಡೋಣ” ಎಂದ ವಕೀಲ.

ಕಡ್ಡಿ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲೆ ಠಕ್ಕೆಂದು ಇಟ್ಟಳು. “ಪೂರ್ತಿ ಮುರಿದಿದೆ ಸಾರ್. ಅರ್ಧ ಅಲ್ಲ.”

“ಅರ್ಧ ಕೂಲಿ ಅಂದ್ರೆ ಅರ್ಧ ದಾರಿ ಬರ್ತೀವಿ” ಎಂದಳು ಗಡಿಬಿಡಿಯಕ್ಕ. “ಮಿಕ್ಕರ್ಧಕ್ಕೆ ನೀವು ಕಾರು ತನ್ನಿ. ಆ ಕಾರು ಚೆನ್ನಾಗಿದೆ.”

ಹೊರಗೆ ಯಾರೋ ಕಿವಿಗೊಟ್ಟಿದ್ದರು. ಮಾತು ಮೆಟ್ಟಿಲಿಳಿದು ಬೀದಿಗೆ ಹೋಗಿ ನಗುವಾಗಿ ವಾಪಸು ಬಂತು. ವಕೀಲ ಕಿಟಕಿಯ ಕಡೆ ನೋಡಿದ. ನಗುಮೊಗ ನೀರು ಕುಡಿದ. ದಾರಿಗೆ ಪೂರ್ತಿ ಕೂಲಿ ಎಂದು ಕಾಗದದಲ್ಲಿ ಬರೆದಾಯಿತು. ದಾರಿಯಲ್ಲಿ ಬಿದ್ದರೆ, ಡ್ಯೂಟಿಯಲ್ಲಿ ಬಿದ್ದ ಹಾಗೆ. ಕಡ್ಡಿಯ ಆಸ್ಪತ್ರೆ ಖರ್ಚು, ಕೈ ಕೂಡುವ ತನಕ ಕೂಲಿ. ಮುಷ್ಕರಕ್ಕಾಗಿ ಯಾರನ್ನೂ ತೆಗೆಯುವಂತಿಲ್ಲ, ಗುಂಡಿ ಒತ್ತಿದವರನ್ನೂ, ಒತ್ತದವರನ್ನೂ.

ಕೊನೆಯ ಸಾಲಿಗೆ ವಕೀಲ ‘ಸಿಬ್ಬಂದಿಗೆ ಪ್ರತಿ ಮನೆಯಲ್ಲೂ ಅಗತ್ಯ ಸೌಲಭ್ಯ’ ಎಂದು ಬರೆದ.

“ಅದೇನದು ಸೌಲಭ್ಯ?” ಎಂದಳು ಸಂಘದಕ್ಕ. “ನಾಳೆ ಸೌಲಭ್ಯ ಅಂದ್ರೆ ಕ್ಯಾಲೆಂಡರ್ ಅಂತೀರಾ. ಕಕ್ಕಸು ಅಂತ ಬರೀರಿ.”

“ಕಾಗದದಲ್ಲಿ ಆ ಪದ...”

“ತೊಳೆಯೋಕೆ ನಮಗಿಲ್ಲದ ನಾಚಿಕೆ ಬರೆಯೋಕೆ ನಿಮಗ್ಯಾಕೆ? ಬರೀರಿ.”

ಬರೆದ. ಹಳೆಯ ವರ್ಷಗಳ ದಾರಿಗೆ ಮಾತ್ರ ಕಂಪನಿ ಒಪ್ಪಲಿಲ್ಲ. ಹದಿನಾಲ್ಕು ವರ್ಷ ಗಡಿಬಿಡಿಯಕ್ಕ ನಡೆದದ್ದೆಲ್ಲ ನೀರಿನಲ್ಲಿ ಹೋಮ. ಅದಕ್ಕೆ ಸಂಘ ಕೋರ್ಟಿಗೆ ಹೋಗುವುದೆಂದಾಯಿತು. ಸಹಿ ಹಾಕುವಾಗ ಕಡ್ಡಿ ಎಡಗೈಯಲ್ಲಿ ಹಾಕಿದಳು. ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದ ಹಾಗಿತ್ತು. “ಚೆನ್ನಾಗಿದೆ ಅಲ್ವಾ?” ಎಂದು ವಕೀಲನನ್ನೇ ಕೇಳಿದಳು.

ಶುಕ್ರವಾರ. ಎರಡನೇ ಮನೆಗೂ ಮೂರನೇ ಮನೆಗೂ ನಡುವೆ ಗಡಿಬಿಡಿಯಕ್ಕನಿಗೆ ಇಬ್ಬರು ಸಿಕ್ಕಿದರು. ತಿರುವಿನಲ್ಲಿ ಇನ್ನಿಬ್ಬರು. ಪ್ಲಾಸ್ಟರಿನ ಕೈ ತೋರಿಸಲು ಆಸ್ಪತ್ರೆಗೆ ಹೊರಟಿದ್ದ ಕಡ್ಡಿಯೂ ಸೇರಿಕೊಂಡಳು. ದಿನಾ ಇದೇ ದಾರಿ. ದಿನಾ ಎದುರಾದರೂ ತಲೆ ತಗ್ಗಿಸಿ ಓಡುವವರು. ಇವತ್ತು ಐದು ಜನ ಹೆಗಲಿಗೆ ಹೆಗಲು ಕೊಟ್ಟು, ಕಡ್ಡಿಯನ್ನು ನಡುವೆ ಹಾಕಿಕೊಂಡು, ಬೀದಿಯ ಅಗಲಕ್ಕೂ ನಡೆದರು. ಗುಮಾಸ್ತ ಸ್ಕೂಟರ್ ತಳ್ಳಿದ ಕಥೆಯನ್ನು ಒಬ್ಬಳು ಅಭಿನಯಿಸಿ ತೋರಿಸುತ್ತಿದ್ದಳು. ಉಳಿದವರು ಹೊಟ್ಟೆ ಹಿಡಿದುಕೊಂಡು ಬಗ್ಗಿ ನಗುತ್ತಿದ್ದರು.

ಹಿಂದಿನಿಂದ ಒಂದು ಬೈಕು ಬಂದು ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಹೆಲ್ಮೆಟ್ಟಿನವನು ಕೂಗಿದ:

“ದಾರಿ ಬಿಡ್ರಮ್ಮಾ! ಇದೇನು ನಿಮ್ಮಪ್ಪನ ರೋಡಾ?”

ಗಡಿಬಿಡಿಯಕ್ಕ ನಿಂತಳು. ತಿರುಗಿದಳು. ಕಣ್ಣಿನ ನೀರು ಒರೆಸಿಕೊಳ್ಳುತ್ತಾ, ಬಿಕ್ಕುವ ನಗುವಿನ ನಡುವೆ ಹೇಳಿದಳು:

“ನಮ್ಮಪ್ಪಂದಲ್ಲ ಕಣಪ್ಪಾ. ನಂದೇ. ಡ್ಯೂಟೀಲಿದೀನಿ, ಸ್ವಲ್ಪ ಸುತ್ತಿ ಹೋಗು!”